ಕಾಲಮಿತಿಗೆ ಒಗ್ಗದ ಮಾಸ್ತರು

ಹೈಸ್ಕೂಲಿನ ಒಂದು ಪೀರಿಯಡ್ಡು ಅಂದರೆ ನಲವತ್ತು ನಿಮಿಷ. ಅದರಲ್ಲಿ ಮೊದಲ ಹತ್ತು ಹಾಜರಿಗೆ ಮತ್ತು ಬೈಗುಳಕ್ಕೆ, ಮುಂದಿನ ಹತ್ತು ನಿನ್ನೆಯ ಪಾಠ ನೆನಪಿಸಲಿಕ್ಕೆ, ಉಳಿದ ಇಪ್ಪತ್ತು ಪಾಠಕ್ಕೆ ಸಂಬಂಧವಿಲ್ಲದ ನನ್ನ ಬಾಲ್ಯಕ್ಕೆ. ಇನ್ನೇನು ವಿಷಯಕ್ಕೆ ಬರಬೇಕು, ಅಷ್ಟರಲ್ಲಿ ಬೆಲ್ಲು. ಈ ಕ್ರಮದಲ್ಲಿ ಜನ್ಮವಿಡೀ ಸಮಾಜ ವಿಜ್ಞಾನ ಕಲಿಸಿ ಈಗ ಪಿಂಚಣಿ ತಿನ್ನುತ್ತಿರುವ ನನಗೆ ಯೂಟ್ಯೂಬ್ ಚಾನೆಲ್ ಮಾಡು ಎಂದು ಸಲಹೆ ಕೊಟ್ಟವರು ಯಾರು ಎಂಬ ಬಗ್ಗೆ ಮನೆಯಲ್ಲಿ ಇನ್ನೂ ವಿಚಾರಣೆ ನಡೆದಿದೆ. ಮಗಳು ಅಳಿಯನ ಕಡೆ ಬೆರಳು ಮಾಡುತ್ತಾಳೆ, ಅಳಿಯ ಮಗಳ ಕಡೆ. ನನ್ನ ಹೆಂಡತಿಯೊಬ್ಬಳೇ, "ಯಾರು ಹೇಳಿದ್ರೆ ಎಂತ? ಇವ್ರಿಗೆ ಮಾತಾಡೂಕೆ ಒಂದು ಜಾಗ ಸಿಕ್ತಲ್ಲ. ನನ್ನ ಕಿವಿಗೆ ರಜೆ" ಎಂದು ಸಂತೋಷಪಟ್ಟವಳು.

ಚಾನೆಲ್ ಆಯಿತು. ಭಟ್ಕಳದ ಪಕ್ಕದ ನಮ್ಮ ಜಾಲಿಯ ಕಡಲಲ್ಲಿ ಸೂರ್ಯ ಮುಳುಗುವ ಚಿತ್ರವನ್ನು ಅದರ ನೆತ್ತಿಗೆ ಏರಿಸಿದ್ದೂ ಆಯಿತು. ಆಮೇಲೆ ಎದ್ದ ಜಗಳವೇ ಬೇರೆ. ವಿಡಿಯೊ ಚಿಕ್ಕದಿರಬೇಕೋ, ಉದ್ದ ಇರಬೇಕೋ? ಬೆಂಗಳೂರಿನಲ್ಲಿರುವ ಮಗಳು ಶಾರ್ಟ್ಸ್ ಪಕ್ಷ, ಅಳಿಯ ಉದ್ದದ ಪಕ್ಷ. ಮದುವೆಯಾದಾಗಿನಿಂದ ಅವರಿಬ್ಬರ ಮಧ್ಯೆ ಇಂಥ ಗಂಭೀರ ಭಿನ್ನಾಭಿಪ್ರಾಯ ಬಂದದ್ದು ಇದೇ ಮೊದಲು ಎಂದು ಬೀಗರು ಫೋನ್ ಮಾಡಿ ತಿಳಿಸಿದರು. ದನಿಯಲ್ಲಿ ಸ್ವಲ್ಪ ಆಕ್ಷೇಪಣೆಯಿತ್ತು.

ಮಗಳ ವಾದ ಹೀಗೆ. 2020ರ ಜೂನ್ ಕೊನೆಗೆ ನಮ್ಮಲ್ಲಿ ಟಿಕ್‌ಟಾಕ್ ಬಂದ್ ಆಯಿತಷ್ಟೆ? ಅದೇ ಸೆಪ್ಟೆಂಬರಿನಲ್ಲಿ ಯೂಟ್ಯೂಬಿನವರು ಶಾರ್ಟ್ಸನ್ನು ಎಲ್ಲ ದೇಶಕ್ಕಿಂತ ಮೊದಲು ಭಾರತದಲ್ಲೇ ಪರೀಕ್ಷೆಗೆ ಬಿಟ್ಟರು. ಯಾಕೆಂದರೆ ಜನಕ್ಕೆ ಪುರುಸೊತ್ತಿಲ್ಲ. ಹೆಬ್ಬೆರಳಿನಿಂದ ಪರದೆಯನ್ನು ಮೇಲಕ್ಕೆ ತಳ್ಳುತ್ತ ಎರಡು ತಾಸು ಕೂತಿರುವ ಜನಕ್ಕೆ ಪುರುಸೊತ್ತಿಲ್ಲ ಅನ್ನುವುದು ನನ್ನ ತಲೆಗೆ ಹೋಗಲಿಲ್ಲ. ದೂರ ಇರುವ ಮಗಳು, ಯಾಕೆ ಎದುರು ಮಾತು ಎಂದು ಸುಮ್ಮನಿದ್ದೆ. ಅವಳು ಇನ್ನೊಂದು ಬಾಣ ಬಿಟ್ಟಳು: "ಅಪ್ಪಾ, ಯೂಟ್ಯೂಬಿಗೆ ಹಾಕಿದ ಮೊಟ್ಟಮೊದಲ ವಿಡಿಯೊನೇ ಹತ್ತೊಂಬತ್ತು ಸೆಕೆಂಡಿಂದು. 2005ರ ಏಪ್ರಿಲ್ 23. ಹುಡುಗ ಮೃಗಾಲಯದಲ್ಲಿ ಆನೆ ಮುಂದೆ ನಿಂತು, ಇವುಗಳ ಸೊಂಡಿಲು ಉದ್ದ ಅಂತ ಹೇಳಿ ಮುಗಿಸ್ದ. ನೀವಾಗಿದ್ರೆ ಪಾಂಡ್ಯರ ಗಜಸೇನೆಯಿಂದ ಶುರು ಮಾಡ್ತಿದ್ರಿ."

ಪಾಂಡ್ಯರಲ್ಲ, ಮೌರ್ಯರಿಂದ ಶುರು ಮಾಡುತ್ತಿದ್ದೆ. ಅದನ್ನು ಹೇಳಲಿಲ್ಲ.

ಅಳಿಯ ಲೆಕ್ಕಪತ್ರದ ಮನುಷ್ಯ. ಅವನ ಕೈಯಲ್ಲಿ ಡಾಕ್ಟರ್ ಬ್ರೋ ಇದ್ದಾನೆ, "ನಮಸ್ಕಾರ ದೇವ್ರು" ಎನ್ನುತ್ತ ದೇಶ ದೇಶ ತಿರುಗುವ ಆ ಹುಡುಗನ ಉದ್ದುದ್ದ ವಿಡಿಯೊಗಳನ್ನು ಲಕ್ಷಗಟ್ಟಲೆ ಕನ್ನಡಿಗರು ಕೂತು ನೋಡುತ್ತಾರೆ. ಕಾಸರಗೋಡು ಕಡೆಯ ಭಟ್ ಎನ್ ಭಟ್ ಸಹೋದರರಿದ್ದಾರೆ, ಲಾಕ್‌ಡೌನಿನ ಕಾಲದಿಂದ ಹಲಸಿನಕಾಯಿ, ಪತ್ರೊಡೆ ಎಂದು ನಿಧಾನಕ್ಕೆ ಮಾಡಿ ತೋರಿಸಿ ಮನೆಮಾತಾದರು. "ಮಾವಾ, ದುಡ್ಡು ಇರೂದೂ ಉದ್ದದಲ್ಲೇ" ಎಂದ ಅವನು. ಉದ್ದ ವಿಡಿಯೊದ ಜಾಹೀರಾತಿನಲ್ಲಿ ನೂರಕ್ಕೆ 55 ಮಾಡಿದವನಿಗೆ, ಶಾರ್ಟ್ಸಿನಲ್ಲಿ ಪಾಲಿಗೆ ಬಂದದ್ದರಲ್ಲಿ 45. ಎಂಟು ನಿಮಿಷ ದಾಟಿದರೆ ನಡುವೆಯೂ ಜಾಹೀರಾತು ತುರುಕಬಹುದು. ಎಂಟು ನಿಮಿಷ ದಾಟಿಸುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ ಎಂಬುದು ಅಳಿಯನ ವಾದದಲ್ಲಿದ್ದ ಗೌರವ. ಅದನ್ನು ಅವನು ಗೌರವವಾಗಿಯೇ ಹೇಳಿದನೆಂದು ಇಂದಿಗೂ ನಂಬಿದ್ದೇನೆ.

ಆದರೆ ದುಡ್ಡು ಬರಬೇಕಾದರೆ ಮೊದಲು ಹೊಸ್ತಿಲು ದಾಟಬೇಕು. ಸಾವಿರ ಚಂದಾದಾರರು, ಅದರ ಜೊತೆಗೆ ಒಂದು ವರ್ಷದೊಳಗೆ ಜನ ಒಟ್ಟು 4,000 ಗಂಟೆ ನೋಡಿರಬೇಕು. ಇಲ್ಲವೇ 90 ದಿನದಲ್ಲಿ ಶಾರ್ಟ್ಸಿಗೆ ಒಂದು ಕೋಟಿ ವೀಕ್ಷಣೆ. ಶಾರ್ಟ್ಸಿನ ಸಾಲಿನಲ್ಲಿ ನೋಡಿದ ಹೊತ್ತು ಆ 4,000 ಗಂಟೆಗೆ ಜಮೆಯಾಗುವುದಿಲ್ಲ. ಎರಡಕ್ಕೂ ಬೇರೆ ಬೇರೆ ಪಾಸ್‌ಬುಕ್ಕು. ಕೋಟಿ ಅಂದರೆ ಎಷ್ಟು ಎಂದು ಮಾಸ್ತರ ಬುದ್ಧಿಗೆ ಲೆಕ್ಕ ಹಾಕಿದೆ. 2011ರ ಜನಗಣತಿಯ ಪ್ರಕಾರ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 14,37,169. ಅಂದರೆ ಜೋಯಿಡಾದ ಕಾಡಿನಿಂದ ನಮ್ಮ ಭಟ್ಕಳದ ಬಂದರದವರೆಗೆ, ತೊಟ್ಟಿಲ ಕೂಸನ್ನೂ ಬಿಡದೆ, ತಲೆಗೆ ಏಳು ಸಲ ನನ್ನನ್ನು ನೋಡಬೇಕು. ಹೆಂಡತಿಗೆ ಹೇಳಿದೆ. "ನಾನು ನೋಡಿದ್ದು ಸಾಕಾಯ್ತು. ನನ್ನ ಏಳನ್ನ ಬೇರೆ ಯಾರಿಗಾದ್ರೂ ಹಂಚಿ" ಎಂದಳು.

ನಾನು ಸಹಜವಾಗಿ ಉದ್ದದ ಕಡೆ ವಾಲಿದೆ. ವಿಷಯಕ್ಕೇನು ಬರಗಾಲವೇ ನಮ್ಮ ಊರಿಗೆ? ವಿಜಯನಗರಕ್ಕೆ ಹೋಗುವ ಅರಬ್ಬಿ ಕುದುರೆಗಳು ಇಳಿದ ಬಂದರು ನಮ್ಮದು. 1510ರಲ್ಲಿ ಪೋರ್ಚುಗೀಸರು ಇಲ್ಲೊಂದು ಕೋಟೆ ಕಟ್ಟಿಕೊಳ್ಳುತ್ತೇವೆ ಎಂದು ಕೃಷ್ಣದೇವರಾಯನ ಆಸ್ಥಾನಕ್ಕೆ ಅರ್ಜಿ ಹಿಡಿದು ಹೋಗಿದ್ದರು. ಗೇರುಸೊಪ್ಪೆಯಲ್ಲಿ ಕೂತು ಕರಾವಳಿಯ ಮೆಣಸಿನ ವ್ಯಾಪಾರ ನಡೆಸಿದ ಚೆನ್ನಭೈರಾದೇವಿಗೆ ಅದೇ ಪೋರ್ಚುಗೀಸರು 'ಕಾಳುಮೆಣಸಿನ ರಾಣಿ' ಎಂದು ಹೆಸರಿಟ್ಟರು. ಐವತ್ತು ವರ್ಷ ಮೀರಿ ಆಳಿದ ರಾಣಿಯನ್ನು ಐವತ್ತು ನಿಮಿಷದಲ್ಲಾದರೂ ಹೇಳಬೇಡವೇ? ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ, ಇಸ್ತ್ರಿ ಅಂಗಿ ಹಾಕಿ, ಗಂಟಲು ಸರಿಮಾಡಿಕೊಂಡು ಹೇಳಿದೆ. ಮೆಣಸಿನ ಬಳ್ಳಿಯ ಸಸ್ಯಶಾಸ್ತ್ರವನ್ನೂ ಬಿಡಲಿಲ್ಲ.

ಯೂಟ್ಯೂಬಿನಲ್ಲಿ ಒಂದು ಕ್ರೂರ ವ್ಯವಸ್ಥೆಯಿದೆ. ಜನ ನಿಮ್ಮ ವಿಡಿಯೊದ ಯಾವ ಕ್ಷಣದಲ್ಲಿ ಎದ್ದು ಹೋದರು ಎಂದು ಗೆರೆ ಎಳೆದು ತೋರಿಸುತ್ತದೆ. ಶಾಲೆಯಲ್ಲಿ ಈ ತೊಂದರೆ ಇರಲಿಲ್ಲ, ಬಾಗಿಲು ನನ್ನ ಕಡೆಗಿತ್ತು. ನನ್ನ ಗೆರೆ ಮೊದಲ ಅರ್ಧ ನಿಮಿಷದಲ್ಲೇ ಮಳೆಗಾಲದ ಜೋಗದ ಹಾಗೆ ನೆಟ್ಟಗೆ ಕೆಳಗೆ ಧುಮುಕಿತ್ತು. ಆ ಹೊತ್ತಿಗೆ ನಾನಿನ್ನೂ "ಎಲ್ಲರಿಗೂ ನಮಸ್ಕಾರ, ಇಂದಿನ ವಿಷಯಕ್ಕೆ ಬರುವ ಮುನ್ನ" ಎಂಬಲ್ಲಿದ್ದೆ. ತಳದಲ್ಲಿ ಒಂದು ಸಣ್ಣ ತೊರೆ ಮಾತ್ರ ಕೊನೆಯವರೆಗೆ ಹರಿದಿತ್ತು. ಯಾರಪ್ಪ ಈ ಪುಣ್ಯಾತ್ಮ ಎಂದು ವಿಚಾರಿಸಿದರೆ, ಕುಮಟೆಯಲ್ಲಿರುವ ನನ್ನ ಭಾವ. ವಿಡಿಯೊ ಹಾಕಿಕೊಂಡರೆ ಮಧ್ಯಾಹ್ನ ನಿದ್ದೆ ಚೆನ್ನಾಗಿ ಬರುತ್ತದಂತೆ.

ಮಗಳು ಇದೇ ಸಂದಿಯಲ್ಲಿ ನುಗ್ಗಿದಳು. ಶಾರ್ಟ್ಸ್ ಈಗ ಅರವತ್ತು ಸೆಕೆಂಡಿಗೇ ನಿಲ್ಲಬೇಕೆಂದಿಲ್ಲ, 2024ರ ಅಕ್ಟೋಬರಿನಿಂದ ಮೂರು ನಿಮಿಷದವರೆಗೂ ಬಿಡುತ್ತಾರೆ, ನಿಮ್ಮಂಥವರಿಗೆಂದೇ ಮಾಡಿದ್ದಾರೆ ಎಂದಳು. ಫೋನನ್ನು ಅಡ್ಡ ಹಿಡಿಯಬೇಡಿ, ನೆಟ್ಟಗೆ ಹಿಡಿಯಿರಿ. ನಮಸ್ಕಾರ ಬೇಡ. ಮೊದಲ ಮೂರು ಸೆಕೆಂಡಿನಲ್ಲಿ ಏನಾದರೂ ಆಗಬೇಕು. ನನ್ನ ಜೀವನದ ಯಾವ ಮೂರು ಸೆಕೆಂಡಿನಲ್ಲೂ ಏನೂ ಆದದ್ದಿಲ್ಲ. ಹೆಂಡತಿಯ ಜೀವನದಲ್ಲಿ ದಿನವೂ ಆಗುತ್ತದೆ.

ಹಾಗಾಗಿ ಫೋನು ಹಿಡಿದು ಹಿತ್ತಿಲಿಗೆ ಹೋದೆ. ಅವಳು ಮೆಟ್ಟುಗತ್ತಿಯ ಮೇಲೆ ಕೂತು ಬಂಗುಡೆ ಹೆರೆಯುತ್ತಿದ್ದಳು. ಬಾಲ ಕತ್ತರಿಸಿ, ರೆಕ್ಕೆ ಸವರಿ, ಕಿವಿರಿನೊಳಗೆ ಬೆರಳು ಹಾಕಿ ಒಂದೇ ಎಳೆತಕ್ಕೆ ಕರುಳನ್ನೂ ಸೇರಿಸಿ ಹೊರಗೆ ತೆಗೆಯುವುದು. ಬೆಕ್ಕು ಎದುರಿಗೆ ಕೂತು ಕಾಯುತ್ತಿತ್ತು. ನಾನು ಗಂಭೀರ ದನಿಯಲ್ಲಿ, "ಅರಬ್ಬಿ ಸಮುದ್ರದ ಮೀನುಗಾರಿಕೆಯಲ್ಲಿ ಬಂಗುಡೆಗೆ ವಿಶಿಷ್ಟವಾದ ಸ್ಥಾನ" ಎಂದು ತೆಗೆದೆ. ಅವಳು ತಲೆಯೆತ್ತದೆ, "ಸ್ಥಾನ ಆಮೇಲೆ ಕೊಡುವಾ. ಮೊದ್ಲು ಬೆಳಕಿಗೆ ಅಡ್ಡ ನಿಂತದ್ದು ಬಿಡಿ. ಒಲೆ ಮೇಲೆ ಹಾಲು ಇಟ್ಟಿದೆ, ನೋಡಿ ಅಂದಿದ್ದೆ, ನೋಡಿದ್ರಾ? ಇಲ್ಲ. ಜುಮ್ಮನಕಾಯಿ ತನ್ನಿ ಅಂದಿದ್ದೆ, ತಂದ್ರಾ? ಇಲ್ಲ. ಬಂಗ್ಡೆಗೆ ಸ್ಥಾನ ಕೊಡೂಕೆ ಬಂದ್ರು" ಎಂದಳು. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿದ ವಾಸನೆ ಬಂತು. ನಾನು ಓಡಿದೆ. ಬೆಕ್ಕು ಒಂದು ಬಂಗುಡೆ ಕಚ್ಚಿಕೊಂಡು ನನ್ನ ಎದುರು ದಿಕ್ಕಿಗೆ ಓಡಿತು.

ಮಗಳು ನನ್ನ ಪೀಠಿಕೆಯನ್ನು ಕತ್ತರಿಸಿ ಉಳಿದದ್ದನ್ನು ಏರಿಸಿದಳು. ಮಾರನೆಯ ದಿನ ಮೀನು ಮಾರುಕಟ್ಟೆಗೆ ಹೋದರೆ ನಾಲ್ಕು ಕಡೆಯಿಂದ "ಮಾಸ್ತರೇ, ಹಾಲು ನೋಡಿದ್ರಾ?" ಎಂದು ಕೇಳಿದರು. ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಾಲು ಮುಟ್ಟಿ ನಮಸ್ಕಾರ ಮಾಡಿ, "ಸರ್, ಅಮ್ಮೋರು ಸೂಪರ್" ಎಂದ. ಚಂದಾದಾರರು ಏರಿದರು. ಬಂದವರೆಲ್ಲ ಚೆನ್ನಭೈರಾದೇವಿಯ ಬಾಗಿಲಿಗೂ ಒಮ್ಮೆ ಹೋಗಿ, ಅಲ್ಲಿ ಹೆಂಡತಿ ಇಲ್ಲವೆಂದು ಖಾತ್ರಿ ಮಾಡಿಕೊಂಡು ವಾಪಸಾದರು. ಶಾರ್ಟ್ಸಿನಿಂದ ಜನ ಬರುತ್ತಾರೆ, ಉದ್ದಕ್ಕೆ ನಿಲ್ಲುವುದಿಲ್ಲ ಎಂದು ಈ ವಿದ್ಯೆ ತಿಳಿದವರು ದೂರುವುದನ್ನು ಕೇಳಿದ್ದೇನೆ. ನಿಲ್ಲುವಂಥದ್ದೇನು ಅಲ್ಲಿತ್ತು ಎಂದು ಯಾರೂ ಕೇಳುವುದಿಲ್ಲ, ಅದು ಅವರ ದೊಡ್ಡತನ.

ಈ ಚರ್ಚೆಯನ್ನೆಲ್ಲ ಜಗಲಿಯ ಮೂಲೆಯಿಂದ ಕೇಳುತ್ತಿದ್ದ ನನ್ನ ಅಮ್ಮ ಒಂದು ದಿನ, "ತಮಾ, ಇದೆಂತ ಹೊಸ ಗಲಾಟೆಯಾ? ಇಡೀ ರಾತ್ರಿ ಆಟವಾ, ಕಾಲಮಿತಿ ಆಟವಾ ಅಂತ ಊರಲ್ಲಿ ಹೊಡೆದಾಡೂದು ಇದನ್ನೇ ಅಲ್ದಾ?" ಎಂದಳು. ಅಳಿಯನೂ ಮಗಳೂ ವಿಡಿಯೊ ಕಾಲಿನಲ್ಲಿ ಬಾಯಿ ಮುಚ್ಚಿದರು. ಹೌದಲ್ಲ! 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಯಕ್ಷಗಾನ ಮೇಳ ಕಟ್ಟಿದ್ದು ಇಲ್ಲೇ ಹೊನ್ನಾವರದ ಗುಣವಂತೆಯಲ್ಲಿ. ಆ ಕಾಲಕ್ಕೆ ಆಟ ಅಂದರೆ ರಾತ್ರಿ ಊಟ ಮುಗಿಸಿ ಹೋಗಿ ಬೆಳಗಿನ ಚಹಾಕ್ಕೆ ಬರುವುದು. ಕೋಡಂಗಿ, ಬಾಲಗೋಪಾಲ, ಒಡ್ಡೋಲಗ ಎಲ್ಲ ಮುಗಿದು ಕಥೆ ಹತ್ತುವ ಹೊತ್ತಿಗೇ ಇವತ್ತಿನ ಕಾಲಮಿತಿಯವರು ಮಂಗಳ ಹಾಡಿ ವ್ಯಾನು ಹತ್ತಿರುತ್ತಾರೆ. ಮೂರು ತಾಸಿನಲ್ಲಿ ಪ್ರಸಂಗ ಮುಗಿಸಿದರೆ ಕಲೆ ಹಾಳಾಯಿತು ಎನ್ನುವವರೂ, ಮುಗಿಸದಿದ್ದರೆ ನಾಳೆ ಆಫೀಸಿಗೆ ಯಾರು ಹೋಗುತ್ತಾರೆ ಎನ್ನುವವರೂ ಒಂದೇ ಬೆಂಚಿನ ಮೇಲೆ ಕೂತು ಶೇಂಗಾ ತಿನ್ನುವುದು ನಮ್ಮ ಕಡೆ ಮಾಮೂಲು.

"ಹಾಗಾದ್ರೆ ಅಜ್ಜಿ, ನೀವು ಇಡೀ ರಾತ್ರಿ ಪಕ್ಷ ಅಲ್ವಾ?" ಎಂದ ಅಳಿಯ, ಗೆದ್ದ ದನಿಯಲ್ಲಿ.

"ನಾನೆಲ್ಲಿ ಇಡೀ ರಾತ್ರಿ ನೋಡಿದ್ದೆ? ಚಾಪೆ ಹಾಸಿ ಮಲಗೂದು. ಚಿಟ್ಟಾಣಿಯವರ ಭಸ್ಮಾಸುರ ಬಂದಾಗ ಎಬ್ಬಿಸಿ ಅಂತ ಇವನ ಅಪ್ಪನ ಹತ್ರ ಹೇಳಿಡೂದು. ಚಂಡೆ ಏರಿತು ಅಂದ್ರೆ ಅವ್ರೇ ಎಬ್ಬಿಸ್ತಿದ್ರು. ಅವ್ರ ಕುಣಿತ ನೋಡೂದು, ಮತ್ತೆ ಮಲಗೂದು."

2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರನ್ನು ನಮ್ಮಮ್ಮ ಶಾರ್ಟ್ಸಿನಲ್ಲಿ ನೋಡಿದ್ದಳು ಎಂದಾಯಿತು! ಅವಳೊಬ್ಬಳೇ ಅಲ್ಲ, ಅರ್ಧ ಸಭೆ ಹಾಗೆಯೇ. ಮಗಳು ಚಪ್ಪಾಳೆ ತಟ್ಟಿದಳು. ಆದರೆ ಅಳಿಯನೂ ಬಿಡುವವನಲ್ಲ, ಅಜ್ಜ ಎಚ್ಚರ ಕೂತದ್ದಕ್ಕೇ ಅಜ್ಜಿಗೆ ಭಸ್ಮಾಸುರ ಸಿಕ್ಕಿದ್ದು, ಪೂರ್ತಿ ನೋಡುವ ಒಬ್ಬನಾದರೂ ಬೇಕು ಎಂದ. ನಾನು ಅಪ್ಪನನ್ನು ನೆನೆದೆ. ಆ ಕಾಲದಲ್ಲಿ ಚಾನೆಲ್ ಮಾಡಿದ್ದರೆ ಅವರೊಬ್ಬರೇ 4,000 ಗಂಟೆಗೆ ಗಣನೀಯ ಕಾಣಿಕೆ ಕೊಡುತ್ತಿದ್ದರು.

ಇಷ್ಟಾಗಿ, ನನ್ನ ಚಾನೆಲಿನಲ್ಲಿ ಕೊನೆಯವರೆಗೆ ಜನ ಕೂತು ನೋಡಿದ ಉದ್ದ ವಿಡಿಯೊ ಒಂದಿದೆ. ಜೂನ್ ತಿಂಗಳು. ಯಾಂತ್ರಿಕ ದೋಣಿಗಳಿಗೆ ಜುಲೈ ಕೊನೆಯವರೆಗೆ ರಜೆ, ಮೀನಿಲ್ಲ, ಮಾತಿಗೆ ವಿಷಯವೂ ಇಲ್ಲ. ಫೋನನ್ನು ಕಿಟಕಿಯಲ್ಲಿಟ್ಟು ಮಳೆಯನ್ನೇ ಹಿಡಿಯಲು ಬಿಟ್ಟೆ. ಹಿತ್ತಿಲ ತಗಡಿನ ಮೇಲೆ ಬೀಳುವ ಮಳೆ, ತೆಂಗಿನ ತಲೆಗಳ ಆಚೆ ಕಡಲಿನ ಗುರುಗುಟ್ಟುವಿಕೆ, ನಡುವೆ ಎಲ್ಲೋ ಒಂದು ಕಪ್ಪೆ. ನಾನು ಒಂದಕ್ಷರ ಮಾತಾಡಲಿಲ್ಲ. ನಮ್ಮ ಜಾಲಿಯಿಂದ, ಭಟ್ಕಳದಿಂದ ದುಬೈ, ಸೌದಿ ಎಂದು ದುಡಿಯಲು ಹೋದವರು ಎಷ್ಟಿಲ್ಲ! ಅವರೆಲ್ಲ ರಾತ್ರಿ ಪಾಳಿ ಮುಗಿಸಿ ಬಂದು ಎಸಿ ಕೋಣೆಯಲ್ಲಿ ಈ ಮಳೆ ಹಾಕಿಕೊಂಡು ಮಲಗುತ್ತಾರಂತೆ. ಆಚೆ ಮನೆಯ ನವಾಯತ ಅಮ್ಮನ ಮಗ ಅಲ್ಲಿಂದ ಫೋನ್ ಮಾಡಿ, "ಮಾಸ್ತರೇ, ಭಾರೀ ಚಂದ ಉಂಟು. ಇದರಲ್ಲಿ ನೀವು ಮಾತಾಡೂದಿಲ್ಲ ಅಲ್ವಾ, ಅದು ಇನ್ನೂ ಚಂದ" ಎಂದು ಮನಸಾರೆ ಹೊಗಳಿದ. ಹೆಂಡತಿ ಸ್ಪೀಕರಿನಲ್ಲಿ ಕೇಳಿಸಿಕೊಂಡಳು. ಆ ವಾರವಿಡೀ ಅವಳ ಮುಖದಲ್ಲಿ ಒಂದು ಶಾಂತಿ ಇತ್ತು.

ಚಿಕ್ಕದರಲ್ಲಿ ಗೆದ್ದದ್ದು ಹೆಂಡತಿ ಮತ್ತು ಬೆಕ್ಕು, ಉದ್ದದಲ್ಲಿ ಗೆದ್ದದ್ದು ಮಳೆ. ಚಾನೆಲ್ ಬೆಳೆಯಬೇಕಾದರೆ ವಿಡಿಯೊ ಎಷ್ಟು ಉದ್ದ ಎನ್ನುವುದಕ್ಕಿಂತ ಅದರೊಳಗೆ ನಾನು ಎಷ್ಟು ಕಡಿಮೆ ಎನ್ನುವುದೇ ಮುಖ್ಯ ಎಂದು ಮನೆಯ ಎರಡೂ ಪಕ್ಷಗಳು ಈಗ ರಾಜಿಗೆ ಬಂದಿವೆ. ಬೀಗರೂ ಫೋನ್ ಮಾಡಿ ಸಂತೋಷ ತಿಳಿಸಿದರು. ಅದರಂತೆ ಹೆಂಡತಿಯ ಕೈಗೆ ಶಾರ್ಟ್ಸ್, ಮಳೆಗಾಲಕ್ಕೆ ಮಳೆ, ಬೇಸಿಗೆಗೆ ಕುಮಟೆಯ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಬಿಟ್ಟ ಸಿಹಿ ಈರುಳ್ಳಿ ಎಂದು ಹಂಚಿಕೆಯಾಗಿದೆ. ನನಗೆ ಭರಣಿಯನ್ನು ಸರಿಯಾದ ಜಾಗದಲ್ಲಿಡುವ ಕೆಲಸ.

ಆದರೂ ವಿಜಯನಗರದ ಕುದುರೆಗಳ ಬಗ್ಗೆ ಒಂದು ಗಂಟೆ ಚಿಲ್ಲರೆಯ ವಿಡಿಯೊ ಗುಟ್ಟಾಗಿ ಸಿದ್ಧವಾಗಿದೆ, ಮನೆಯವರು ಇಡಗುಂಜಿಗೆ ಹೋದ ದಿನ ಏರಿಸುತ್ತೇನೆ. ಓದುಗರಲ್ಲಿ ಒಂದೇ ವಿನಂತಿ: ಹಾಕಿಟ್ಟು ನಿಮ್ಮ ಅಡುಗೆ, ಬಟ್ಟೆ, ನಿದ್ದೆ ಯಾವುದಿದ್ದರೂ ಮುಗಿಸಿಕೊಳ್ಳಿ, ನಡುವೆ ಬಂದ್ ಮಾತ್ರ ಮಾಡಬೇಡಿ. ದನಿ ಪೂರ್ತಿ ಇಳಿಸಿದರೂ ಗಂಟೆ ಲೆಕ್ಕಕ್ಕೆ ಬರುತ್ತದೆ.