ರಂಗರೂಟನ ಟ್ರಂಕು ಬಾಯಿ ತೆರೆದಾಗ

ಸೇನಾ ತರಬೇತಿ ಕೇಂದ್ರದ ಬ್ಯಾರಕ್ಕಿನಲ್ಲಿ ಪ್ರತಿ ಮಂಚದ ಬುಡಕ್ಕೆ ಒಂದು ಕಪ್ಪು ತಗಡಿನ ಟ್ರಂಕು ಇರುತ್ತದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಮೊದಲು ನಂಬರು, ಆಮೇಲೆ ಹುದ್ದೆ, ಜಾಗ ಉಳಿದರೆ ಹೆಸರು. ಹೊಸದಾಗಿ ಸೇರಿದವನನ್ನು ಇಲ್ಲಿ ರಂಗರೂಟ್ ಎನ್ನುತ್ತಾರೆ, ಅವನಿಗೆ ಕಲಿಸುವವರನ್ನು ಉಸ್ತಾದ್ ಎನ್ನುತ್ತಾರೆ. ಇಬ್ಬರೂ ಸಂದರ್ಶನಕ್ಕೆ ಒದಗುವವರಲ್ಲ. ರಂಗರೂಟನಿಗೆ ಪುರುಸೊತ್ತಿಲ್ಲ, ಉಸ್ತಾದರಿಗೆ ಪ್ರಶ್ನೆ ಹಾಕಿ ಗೊತ್ತೇ ಹೊರತು ಹಾಕಿಸಿಕೊಂಡು ಗೊತ್ತಿಲ್ಲ. ಟ್ರಂಕು ಹಗಲೆಲ್ಲ ಕೂತೇ ಇರುತ್ತದೆ, ಎಲ್ಲವನ್ನೂ ನೋಡಿಯೂ ಇರುತ್ತದೆ.

ಇಲ್ಲಿ ಮಾತಾಡಿದ ಟ್ರಂಕಿನ ಒಡೆಯ ವಿಜಯನಗರ ಜಿಲ್ಲೆ ಹೂವಿನಹಡಗಲಿ ತಾಲ್ಲೂಕಿನ ಹೊಳಲಿನವನು. ಯಾವ ಕೇಂದ್ರ, ಯಾವ ಬ್ಯಾರಕ್ಕು ಎಂದು ಕೇಳಿದಾಗ ಟ್ರಂಕು ಮುಚ್ಚಳ ಬಿಗಿದುಕೊಂಡಿತು. ಉಳಿದ ಪ್ರಶ್ನೋತ್ತರ ಹೀಗಿದೆ.

ರಂಗರೂಟನ ತರಬೇತಿ ಎಲ್ಲಿಂದ ಶುರುವಾಗುತ್ತದೆ?

ಊರಿನ ಡಾಂಬರು ರಸ್ತೆಯಿಂದ. ಹೊಳಲು, ಹಿರೇಹಡಗಲಿ, ಆಚೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯ ಊರುಗಳಲ್ಲಿ ನಸುಕಿಗೆ ರಸ್ತೆಯಲ್ಲಿ ಒಬ್ಬ ಹುಡುಗ ಏದುಸಿರು ಬಿಡುತ್ತ ಓಡುತ್ತಿದ್ದರೆ ಅವನನ್ನು ಯಾರೂ ಅಟ್ಟಿಸಿಕೊಂಡು ಬರುತ್ತಿರುವುದಿಲ್ಲ. ಅವನು ಒಂದೋ ಪೊಲೀಸ್ ಪರೀಕ್ಷೆಯವನು, ಇಲ್ಲವೇ ಮಿಲಿಟರಿಯವನು. 1.6 ಕಿ.ಮೀ. ದೂರವನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದವನಿಗೆ 60 ಅಂಕ. 10 ಪುಲ್‌ಅಪ್ ತೆಗೆದರೆ 40. 9 ಅಡಿ ಕಂದಕ ಜಿಗಿಯಬೇಕು, ಅಂಕುಡೊಂಕು ತೊಲೆಯ ಮೇಲೆ ಬೀಳದೆ ನಡೆಯಬೇಕು, ಎದೆ ಉಬ್ಬಿಸಿದಾಗ 5 ಸೆಂ.ಮೀ. ಹಿಗ್ಗಬೇಕು. 2023ರಿಂದ ಇಷ್ಟಕ್ಕೂ ಮೊದಲು ಕಂಪ್ಯೂಟರಿನ ಮುಂದೆ ಕೂತು ಪರೀಕ್ಷೆ ಬರೆಯಬೇಕು. ಹಿಂದೆ ಕಾಲು ಪಾಸಾದ ಮೇಲೆ ತಲೆ ನೋಡುತ್ತಿದ್ದರು, ಈಗ ತಲೆ ಪಾಸಾದ ಮೇಲೆ ಕಾಲು ನೋಡುತ್ತಾರೆ.

ಇದಾದ ಮೇಲೆ ಕಾಗದಪತ್ರ. ಕಂದಕಕ್ಕಿಂತ ಇದನ್ನು ದಾಟುವುದು ಕಷ್ಟ, ಜಿಲ್ಲೆಯ ಹೆಸರೇ ದಾಖಲೆಯಿಂದ ದಾಖಲೆಗೆ ಬದಲಾಗಿರುತ್ತದೆ. ಹೊಳಲು 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ವಿಜಯನಗರ ಜಿಲ್ಲೆಯದಾಯಿತು. ಹರಪನಹಳ್ಳಿಯವರದು ಇನ್ನೂ ಸೊಗಸು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ತಿರುಗಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಹೋದ ತಾಲ್ಲೂಕು ಅದು. ಮನೆಯ ಕಟ್ಟೆ ಬಿಟ್ಟೇಳದೆ ಮೂರು ಜಿಲ್ಲೆ ಸುತ್ತಿದ ಮನೆತನದ ಹುಡುಗರಿಗೆ ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎಂಬುದನ್ನು ಹೊಸದಾಗಿ ಕಲಿಸಬೇಕಿಲ್ಲ.

ಕನ್ನಡದ ಹುಡುಗರು ಯಾವ ಕೇಂದ್ರಗಳಿಗೆ ಹೋಗುತ್ತಾರೆ?

ಎಲ್ಲಿಗೆ ಕಳಿಸಿದರೆ ಅಲ್ಲಿಗೆ. ಕರ್ನಾಟಕದೊಳಗೇ ಬೇಕಾದಷ್ಟಿವೆ. ಬೆಂಗಳೂರಿನ ಹಲಸೂರು ಕೆರೆಯ ಬಳಿ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆ. ಅದರ ಮೂಲ 1780ಕ್ಕೆ ಹೋಗುತ್ತದೆ. ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರವೂ ಬೆಂಗಳೂರಿನಲ್ಲೇ. ಸೇನಾ ಪೊಲೀಸ್ ದಳದ್ದೂ ಅಲ್ಲೇ. ಆ ದಳದ ಮಹಿಳಾ ಸೈನಿಕರ ಮೊದಲ ತಂಡ, 83 ಮಂದಿ, 2021ರ ಮೇ ತಿಂಗಳಲ್ಲಿ ಅಲ್ಲಿಂದ ಹೊರಬಂತು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ 1922ರಿಂದ ಇದೆ. ದಳ ಮಾತ್ರ 1768ರದು. ಅಲ್ಲಿ ಸೇರಿದ ಕನ್ನಡದ ಹುಡುಗನೂ ಶಿವಾಜಿ ಮಹಾರಾಜರ ಹೆಸರಿನಲ್ಲಿ ಗಂಟಲು ಹರಿಯುವಂತೆ ಜೈಕಾರ ಹಾಕುತ್ತಾನೆ. ಗಡಿ ವಿವಾದವನ್ನು ಸೆಂಟ್ರಿ ಗೇಟಿನ ಹೊರಗೇ ನಿಲ್ಲಿಸುತ್ತಾನೆ. ಒಳಗೆ ಕನ್ನಡಿಗರೂ ಮರಾಠಿಗರೂ ಸಮಾನವಾಗಿ ಹಿಂದಿಯಲ್ಲಿ ಬೈಸಿಕೊಳ್ಳುತ್ತಾರೆ. ಈ ಪ್ರಶ್ನೆಗೆ ಇಷ್ಟು ಸರಳ ಪರಿಹಾರವಿದೆ ಎಂಬುದು ಯಾವ ಆಯೋಗಕ್ಕೂ ಹೊಳೆದಂತಿಲ್ಲ.

ಟ್ರಂಕಿನ ಹೊಟ್ಟೆಯಲ್ಲಿ ಏನೇನು ಇರುತ್ತದೆ?

ಅದರಲ್ಲಿ ಸರಕಾರದ್ದೊಂದು ಪಾಲು, ಅವ್ವನದೊಂದು ಪಾಲು. ಸರಕಾರದ್ದು: ಬೂಟು, ಪಿ.ಟಿ. ಶೂ, ಕಾಲುಚೀಲ, ಬನಿಯನ್, ಬೆಲ್ಟು, ಮಗ್ಗು, ತಾಟು, ಹಿತ್ತಾಳೆ ಉಜ್ಜುವ ಬ್ರಾಸೋ, ಸೂಜಿದಾರ. ಅವ್ವನದು: ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೊಟ್ಟೂರೇಶ್ವರನ ವಿಭೂತಿ, ಮೈಲಾರದ ಭಂಡಾರ. ಮೊದಲ ತಪಾಸಣೆಯಲ್ಲಿ ಉಸ್ತಾದರು ಹಳದಿ ಪುಡಿಯ ಪೊಟ್ಟಣ ಎತ್ತಿ ಮೂಸಿ, ‘ಹಲ್ದೀ ಹೈ? ಲಂಗರ್ ಮೇ ಜಮಾ ಕರ್’ ಎಂದರು. ಭಂಡಾರವನ್ನು ಅಡುಗೆಮನೆಗೆ ಜಮಾ ಮಾಡುವುದು ಹೇಗೆಂದು ರಂಗರೂಟ್ ಕಣ್ಣುಕಣ್ಣು ಬಿಟ್ಟ. ಪಕ್ಕದ ಮಂಚದ ಜೇಜೂರಿ ಕಡೆಯ ಹುಡುಗ ಅದು ಖಂಡೋಬನ, ಅಂದರೆ ಮೈಲಾರನ ಪ್ರಸಾದ ಎಂದು ವಿವರಿಸಿದ. ಉಸ್ತಾದರು ಪೊಟ್ಟಣ ಮರಳಿಸಿ, ಹಣೆಗೆ ಒಂದು ಚೂರು ಹಚ್ಚಿಕೊಂಡು, ಕೇಳದೆ ಮಾತಾಡಿದ್ದಕ್ಕೆ ಇಬ್ಬರಿಗೂ ಮೈದಾನ ಸುತ್ತಿಸಿದರು.

ಈ ಎಲ್ಲದರಲ್ಲಿ ಬೂಟಿನ ಮೂತಿಯೇ ಮುಖ್ಯ. ಹತ್ತಿಯನ್ನು ನೀರಿಗದ್ದಿ ಹಿಂಡಿ, ಬೆರಳಿಗೆ ಸುತ್ತಿಕೊಂಡು, ಪಾಲಿಷಿಗೆ ತಾಕಿಸಿಯೂ ತಾಕಿಸದಂತೆ ಸಣ್ಣಸಣ್ಣ ಸುತ್ತು ತಿರುಗಿಸುತ್ತ ಹೋಗಬೇಕು. ಮೊದಲು ಮಂಜು ಕವಿದಂತೆ ಮಸಕಾಗುತ್ತದೆ, ಆಮೇಲೆ ಬಲ್ಬು ಕಾಣುತ್ತದೆ, ಕೊನೆಗೆ ಬೋಳುತಲೆಯ ಅಪರಿಚಿತ ಮುಖವೊಂದು ಕಾಣುತ್ತದೆ. ಅದು ತನ್ನದೇ ಎಂದು ಒಪ್ಪಿಕೊಳ್ಳಲು ರಂಗರೂಟನಿಗೆ ಒಂದೆರಡು ವಾರ ಬೇಕು. ಅಷ್ಟರಲ್ಲಿ ಬೂಟು ಮಣ್ಣಿಗೆ ಇಳಿದಿರುತ್ತದೆ, ಸಂಜೆ ಮತ್ತೆ ಮೊದಲಿನಿಂದ.

ಬೋಳುತಲೆ ಯಾಕೆ?

ಕೇಂದ್ರಕ್ಕೆ ಬಂದವನ ಮೊದಲ ಕೆಲಸವೇ ಅದು. ಸಿನಿಮಾ ಹೀರೋನಂತೆ ಬಿಟ್ಟಿದ್ದ ಕೂದಲು ನೆಲಕ್ಕೆ ಬಿದ್ದ ಮೇಲೆ ಕೂಡ್ಲಿಗಿಯವನಾರು, ಕೊಲ್ಹಾಪುರದವನಾರು, ಎಕರೆಗಟ್ಟಲೆ ನೀರಾವರಿ ಹೊಲದವನಾರು, ಮಳೆ ನಂಬಿದವನಾರು, ಯಾವುದೂ ತಿಳಿಯುವುದಿಲ್ಲ.

ದಿನಚರಿ?

ನಸುಕಿಗೆ ಸೀಟಿ, ಚಹಾ, ಒಂದೇ ಕನ್ನಡಿಯಲ್ಲಿ ಐದಾರು ಜನರ ಗಡ್ಡ, ಫಾಲಿನ್, ಪಿ.ಟಿ., ತಿಂಡಿ, ಡ್ರಿಲ್ಲು, ಪಾಠ, ಊಟ, ಮತ್ತೆ ಪಾಠ, ಆಟ, ರೋಲ್ ಕಾಲ್, ದೀಪ ಬಂದ್. ನಡುವೆ ಎಲ್ಲೆಲ್ಲಿ ಹತ್ತು ನಿಮಿಷ ಮಿಗುತ್ತದೋ ಅಲ್ಲೆಲ್ಲ ಹುಲ್ಲು ಕೀಳುವುದು, ಕಲ್ಲಿಗೆ ಸುಣ್ಣ ಬಳಿಯುವುದು. ಸೇನೆಯಲ್ಲಿ ಚಲಿಸುವುದಕ್ಕೆ ಸೆಲ್ಯೂಟು, ಚಲಿಸದ್ದಕ್ಕೆ ಸುಣ್ಣ ಎಂಬುದು ಹಳೆಯ ಮಾತು. ಟ್ರಂಕು ಇವೆರಡರ ನಡುವೆ ಸಿಕ್ಕು ಕಪ್ಪು ಬಣ್ಣ ಬಳಿಸಿಕೊಳ್ಳುತ್ತದೆ.

ಮಧ್ಯಾಹ್ನದ ಪಾಠವೇ ನಿಜವಾದ ಯುದ್ಧ. ನಸುಕಿಗೆ ಎದ್ದು, ಮೈಲಿಗಟ್ಟಲೆ ಓಡಿ, ಲಂಗರಿನಲ್ಲಿ ಅನ್ನ, ದಾಲು, ಗೋಧಿ ರೊಟ್ಟಿ ಉಂಡವನನ್ನು ತಣ್ಣಗಿನ ಕೋಣೆಯಲ್ಲಿ ಕೂರಿಸಿ ನಕ್ಷೆ ಓದುವ ವಿದ್ಯೆ ಹೇಳಿಕೊಡುತ್ತಾರೆ. ಕಣ್ಣು ತೆರೆದೇ ನಿದ್ದೆ ಮಾಡುವ ಕಲೆ ಪಠ್ಯಕ್ರಮದಲ್ಲಿಲ್ಲ. ಆದರೂ ಎಲ್ಲರೂ ಅದರಲ್ಲಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾಗುತ್ತಾರೆ.

ಡ್ರಿಲ್ಲು ಕಲಿಯುವುದು ಅಷ್ಟು ಕಷ್ಟವೇ?

ನಡೆಯಲು ಬರುತ್ತದೆಂದು ನಂಬಿ ಬಂದವನಿಗೆ ಕಷ್ಟ. ‘ತೇಜ್ ಚಲ್’ ಎಂದರೆ ನಿಮಿಷಕ್ಕೆ 120 ಹೆಜ್ಜೆ, ಒಂದೊಂದೂ 30 ಅಂಗುಲ. ಹೊಲದ ಬದುವಿನ ಮೇಲೆ ನಡೆದು ಬೆಳೆದ ಕಾಲಿಗೆ ಹೆಜ್ಜೆಯನ್ನು ಅಂಗುಲದಲ್ಲಿ ಅಳೆಯುತ್ತಾರೆಂಬುದೇ ಸುದ್ದಿ. ಎಡಗಾಲಿನ ಜೊತೆ ಬಲಗೈ ಮುಂದೆ ಬರಬೇಕು. ಹುಟ್ಟಿದಾಗಿನಿಂದ ಇದು ತಾನಾಗಿ ಬರುತ್ತಿತ್ತು. ಉಸ್ತಾದರು ನೋಡುತ್ತಿದ್ದಾರೆಂದ ಕೂಡಲೇ ಎಡಗೈ ಎಡಗಾಲಿನ ಜೊತೆಗೇ ಹೊರಡುತ್ತದೆ.

ಮಾತಿನ ತೊಡಕು ಬೇರೆ. ಆದೇಶಗಳೆಲ್ಲ ಹಿಂದಿಯಲ್ಲಿ. ಆದರೆ ‘ಸಾವಧಾನ್’ ಎಂಬುದನ್ನು ಹಡಗಲಿ ತಾಲ್ಲೂಕಿನ ಹುಡುಗನಿಗೆ ಬಿಡಿಸಿ ಹೇಳಬೇಕಿಲ್ಲ. ಅವನೂರಿನ ಹತ್ತಿರದ ಮೈಲಾರದಲ್ಲಿ ವರ್ಷಕ್ಕೊಮ್ಮೆ ಡೆಂಕನಮರಡಿಯಲ್ಲಿ ಕಾರಣಿಕ ನಡೆಯುತ್ತದೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲೇರಿ ‘ಸದ್ದಲೇ’ ಎಂದು ಕೂಗಿದರೆ ಲಕ್ಷಗಟ್ಟಲೆ ಜನ ಕೆಮ್ಮದೆ ನಿಲ್ಲುತ್ತಾರೆ. ಉಸ್ತಾದರ ಸಾವಧಾನವೂ ಅದೇ ಜಾತಿಯದು. ವ್ಯತ್ಯಾಸವೆಂದರೆ ಗೊರವಯ್ಯ ಒಂದೇ ವಾಕ್ಯ ನುಡಿದು ಸುಮ್ಮನಾಗುತ್ತಾನೆ, ಅದರ ಅರ್ಥ ಹುಡುಕುತ್ತ ಜನ ವರ್ಷ ಕಳೆಯುತ್ತಾರೆ. ಉಸ್ತಾದರು ಎಡೆಬಿಡದೆ ನುಡಿಯುತ್ತಾರೆ, ಅರ್ಥದ ಬಗ್ಗೆ ಯಾರಿಗೂ ಅನುಮಾನವಿರುವುದಿಲ್ಲ. ಬಿಲ್ಲಿನಿಂದ ಬೀಳುವ ಗೊರವಯ್ಯನನ್ನು ಕೆಳಗೆ ಭಕ್ತರು ಹಿಡಿದುಕೊಳ್ಳುತ್ತಾರೆ. ಹಗ್ಗದಿಂದ ಜಾರುವ ರಂಗರೂಟನಿಗೆ ಆ ವ್ಯವಸ್ಥೆ ಇಲ್ಲ.

ಹೊಳಲಿನವನೆಂಬ ಕಾರಣಕ್ಕೆ ಯಾವುದಾದರೂ ಆದೇಶ ವಿಶೇಷವಾಗಿ ಕಾಡಿದೆಯೇ?

‘ಪೀಛೆ ಮುಡ್’. ಹೊಳಲಿನಲ್ಲಿ ಅನಂತಶಯನನ ಕಪ್ಪುಶಿಲೆಯ ಮೂರ್ತಿ ಇದೆ. ಶಿಲ್ಪದ ಸೊಗಸಿಗೆ ಹೆಸರಾದದ್ದು. ಕೃಷ್ಣದೇವರಾಯ ಈ ಮೂರ್ತಿಗೆಂದೇ ಹೊಸಪೇಟೆ ಹತ್ತಿರದ ಅನಂತಶಯನಗುಡಿಯಲ್ಲಿ ದೊಡ್ಡ ಗುಡಿ ಕಟ್ಟಿಸಿ, ಕರೆದೊಯ್ಯಲು ಬಂದನಂತೆ. ಹಿಂದಿರುಗಿ ನೋಡದೆ ನಡೆದರೆ ಬರುತ್ತೇನೆಂದು ದೇವರು ಒಪ್ಪಿದ. ರಾಯ ತಡೆಯಲಾರದೆ ತಿರುಗಿ ನೋಡಿದ, ದೇವರು ಹೊಳಲಿನಲ್ಲೇ ಉಳಿದ. ಹಿಂದಕ್ಕೆ ತಿರುಗಿದ್ದರಿಂದಲೇ ಸಾಮ್ರಾಟನೊಬ್ಬ ಕೆಟ್ಟ ಎಂದು ಕೇಳಿ ಬೆಳೆದವನಿಗೆ ದಿನಕ್ಕೆ ನೂರಾರು ಸಲ ಹಿಂದಕ್ಕೆ ತಿರುಗು ಎನ್ನುತ್ತಾರೆ. ಆ ಊರಿನಲ್ಲಿ ಸೀಟಿಗೆ ಏಳದೆ ಮಲಗಿಯೇ ಇರುವ ಹಕ್ಕು ಇರುವುದು ಅನಂತಶಯನನೊಬ್ಬನಿಗೆ ಎಂದು ರಂಗರೂಟ್ ನಸುಕಿನಲ್ಲಿ ಗೊಣಗುವುದನ್ನು ಟ್ರಂಕು ಕೇಳಿದೆ.

ಶಿಕ್ಷೆಗಳ ಬಗ್ಗೆ?

ಅದನ್ನು ಇಲ್ಲಿ ರಗಡಾ ಎನ್ನುತ್ತಾರೆ. ಒಬ್ಬನ ಗುಂಡಿ ಬಿಚ್ಚಿದ್ದರೆ ಇಡೀ ಪ್ಲಟೂನು ಫ್ರಂಟ್ ರೋಲ್ ಹೊಡೆಯುತ್ತದೆ. ತಪ್ಪು ಒಬ್ಬನದು, ಶಿಕ್ಷೆ ಎಲ್ಲರಿಗೆ. ಯುದ್ಧದಲ್ಲಿ ಒಬ್ಬನ ಅಜಾಗರೂಕತೆಗೆ ಎಲ್ಲರೂ ಸಾಯುತ್ತಾರೆಂಬುದು ಇದರ ಹಿಂದಿನ ತರ್ಕ. ತರ್ಕ ಸರಿಯೇ. ಎರಡನೇ ತಿಂಗಳಿಗೆ ಎಲ್ಲರೂ ಎಲ್ಲರ ಗುಂಡಿ ನೋಡತೊಡಗುತ್ತಾರೆ, ಉಸ್ತಾದರಿಗೆ ಕಾರಣ ಸಿಗದೆ ಬೇಸರವಾಗುತ್ತದೆ. ಆಗ ಅವರು ಟ್ರಂಕುಗಳ ಸಾಲು ನೂಲು ಹಿಡಿದಂತೆ ನೇರವಾಗಿಲ್ಲ ಎಂದು ಕಂಡುಹಿಡಿಯುತ್ತಾರೆ. ತಲೆಯ ಮೇಲೆ ಟ್ರಂಕು ಹೊತ್ತು ಓಡಿಸುವುದೂ ಉಂಟು. ತರಬೇತಿಯಲ್ಲಿ ಟ್ರಂಕಿಗೆ ಊರು ನೋಡುವ ಅವಕಾಶ ಅದೊಂದೇ.

ಮನೆಯ ನೆನಪು?

ಮೊಬೈಲು ಉಸ್ತಾದರ ಸುಪರ್ದಿಯಲ್ಲಿರುತ್ತದೆ, ರಜಾದಿನ ಸ್ವಲ್ಪ ಹೊತ್ತು ಕೈಗೆ ಬರುತ್ತದೆ. ‘ಹೆಂಗದೀಯಪ್ಪ?’ ‘ಆರಾಮದೀನವ್ವ.’ ‘ಉಂಡ್ಯಾ?’ ‘ಉಂಡೆ.’ ಆಮೇಲೆ ಮಾತು ಮಳೆ, ಮೆಕ್ಕೆಜೋಳದ ಧಾರಣೆಯತ್ತ ಹೊರಳುತ್ತದೆ. ಮೊಣಕೈ ಕೆತ್ತಿದ್ದು, ಉಗುರು ಕಪ್ಪಾದದ್ದು ಯಾವ ಕರೆಯಲ್ಲೂ ಬಂದದ್ದಿಲ್ಲ.

ಬಂದೂಕು ಯಾವಾಗ ಕೈಗೆ ಬರುತ್ತದೆ?

ಸಿನಿಮಾ ನೋಡಿ ಬಂದವರು ನಿರೀಕ್ಷಿಸುವುದಕ್ಕಿಂತ ತಡವಾಗಿ. ಬಂದ ಮೇಲೂ ಬಹಳ ದಿನ ಅದನ್ನು ಬಿಚ್ಚುವುದು, ಒರೆಸುವುದು, ಜೋಡಿಸುವುದು, ಕಣ್ಣುಕಟ್ಟಿ ಮತ್ತೆ ಜೋಡಿಸುವುದು. 5.56 ಮಿ.ಮೀ. ಇನ್ಸಾಸ್ ರೈಫಲ್ಲು ಖಾಲಿ ಇದ್ದಾಗಲೇ 4 ಕಿಲೋಗಿಂತ ಹೆಚ್ಚು ತೂಗುತ್ತದೆ. ಬೆಳಗ್ಗೆ 4 ಕಿಲೋ, ಹತ್ತು ಗಂಟೆಗೆ 10 ಕಿಲೋ, ಮಧ್ಯಾಹ್ನಕ್ಕೆ ಜೋಳದ ಚೀಲ. ಫೈರಿಂಗ್ ರೇಂಜಿನಲ್ಲಿ ಹಾರಿಸಿದ ಗುಂಡಿನ ಲೆಕ್ಕಕ್ಕಿಂತ ಬಿದ್ದ ಹಿತ್ತಾಳೆ ಖೋಕಾಗಳ ಲೆಕ್ಕ ಕಟ್ಟುನಿಟ್ಟು. ಒಂದು ಖೋಕಾ ಕಡಿಮೆಯಾದರೆ ಹುಲ್ಲಿನಲ್ಲಿ ಸಾಲಾಗಿ ತೆವಳುತ್ತ ಸಿಗುವವರೆಗೂ ಹುಡುಕಬೇಕು. ಕೊನೆಯ ಹಂತದಲ್ಲಿ ದೈಹಿಕ ಪರೀಕ್ಷೆ: ಹಗ್ಗ ಹತ್ತುವುದು, 9 ಅಡಿ ಕಂದಕ, ಬಂದೂಕು ಮತ್ತು ಬೆನ್ನಹೊರೆ ಹೊತ್ತು 5 ಕಿ.ಮೀ. ಓಟ. ಊರಿನ ರಸ್ತೆಯಲ್ಲಿ ಬರಿಗೈಯಲ್ಲಿ ಓಡಿ ಬೀಗಿದವನಿಗೆ ಅದೊಂದು ಪೀಠಿಕೆಯಷ್ಟೇ ಎಂದು ಅಲ್ಲಿ ಗೊತ್ತಾಗುತ್ತದೆ.

ತರಬೇತಿ ಮುಗಿಯುವುದು ಹೇಗೆ?

ಅಗ್ನಿವೀರರಿಗೆ ಒಟ್ಟು 31 ವಾರ. ಕೊನೆಗೆ ಕಸಮ್ ಪರೇಡ್. ಬ್ಯಾಂಡು, ರಾಷ್ಟ್ರಧ್ವಜ, ಧರ್ಮಗ್ರಂಥ. ನೆಲ, ಜಲ, ಆಕಾಶ ಯಾವ ಮಾರ್ಗದಲ್ಲಿ ಕಳಿಸಿದರೂ ಜೀವದ ಹಂಗಿಲ್ಲದೆ ಹೋಗುತ್ತೇನೆಂಬ ಪ್ರತಿಜ್ಞೆ. ಊರಿನಿಂದ ಬಂದ ಅಪ್ಪ ಒಂದೇ ತರದ ನೂರಾರು ಹುಡುಗರಲ್ಲಿ ತನ್ನವನನ್ನು ಗುರುತಿಸಲಾರದೆ ಬೇರೆ ಯಾರದೋ ಮಗನ ಫೋಟೋ ತೆಗೆಯುತ್ತಾನೆ. ಅವ್ವ ಮಾತ್ರ ನಡಿಗೆ ನೋಡಿಯೇ ಹಿಡಿಯುತ್ತಾಳೆ. 31 ವಾರ ತಿದ್ದಿದ ನಡಿಗೆಯಲ್ಲಿ ಅವಳಿಗೆ ಗುರುತು ಸಿಗುವಷ್ಟು ಹಳೆಯದು ಉಳಿದಿದೆ ಎಂಬುದು ಉಸ್ತಾದರಿಗೆ ತಿಳಿಯದಿರುವುದು ಒಳ್ಳೆಯದು.

ಆಮೇಲೆ?

ಆಮೇಲೆ ಪಲ್ಟನ್ನು. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಂತೆ ತರಬೇತಿಯೂ ಸೇರಿ 4 ವರ್ಷ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಕೈಗೆ ಸಿಗುವುದು 21,000. ಉಳಿದದ್ದು ಸೇವಾನಿಧಿಗೆ ಜಮಾ, ಅಷ್ಟೇ ಮೊತ್ತವನ್ನು ಸರಕಾರವೂ ಹಾಕುತ್ತದೆ. 4 ವರ್ಷ ಮುಗಿದ ಮೇಲೆ 100 ಜನರಲ್ಲಿ 25 ಜನರವರೆಗೆ ಕಾಯಂ. ಮಿಕ್ಕವರು ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ಹಿಡಿದು ಊರಿಗೆ, ಪಿಂಚಣಿ ಇಲ್ಲ. ಈ ಯೋಜನೆ ದೇಶದ ಸೇನೆಯನ್ನು ತರುಣವಾಗಿಡುತ್ತದೆಯೋ ಇಲ್ಲವೋ ಎಂಬುದು ದೊಡ್ಡವರ ಚರ್ಚೆ. ಇಪ್ಪತ್ತೊಂದು, ಇಪ್ಪತ್ತೆರಡರ ಮಾಜಿಗಳನ್ನಂತೂ ಊರೂರಿಗೆ ಕೊಡುತ್ತದೆ.

ಹಾಗೆ ಮರಳುವಾಗ ಏನೇನು ಒಪ್ಪಿಸಿ ಬರಬೇಕು?

ಬಂದೂಕು, ಗುರುತಿನ ಚೀಟಿ, ಲೆಕ್ಕದಲ್ಲಿರುವ ಸರಕಾರಿ ಸಾಮಾನು. ಟ್ರಂಕು ಒಪ್ಪಿಸಬೇಕಿಲ್ಲ. ಅದನ್ನು ರಂಗರೂಟ್ ಕೇಂದ್ರದ ಹೊರಗಿನ ಅಂಗಡಿಯಲ್ಲಿ ಚೌಕಾಸಿ ಮಾಡಿ ಸ್ವಂತ ದುಡ್ಡಿನಲ್ಲಿ ಕೊಂಡದ್ದು.