ಸೂಜಿ ನನಗೆ, ನಾಚಿಕೆ ಅವರಿಗೆ

ಮೂಡುಬಿದಿರೆ ಹತ್ತಿರದ ನಮ್ಮ ಮಿಜಾರಿನಲ್ಲಿ ಓಟದ ವಿಷಯ ಬಂದರೆ ಯಾರೂ ಅಂದಾಜಿಗೆ ಮಾತಾಡುವುದಿಲ್ಲ. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ಓಡಿದ್ದು 13.62 ಸೆಕೆಂಡಿನಲ್ಲಿ. ಬಾಯಿತಪ್ಪಿ ಹದಿನಾಲ್ಕು ಎಂದುಬಿಡಿ, ಗೂಡಂಗಡಿಯಲ್ಲಿ ಚಾ ಕುಡಿಯುವ ಅಜ್ಜ ಲೋಟ ಕೆಳಗಿಟ್ಟು ತಿದ್ದುತ್ತಾರೆ. ಯಾವ ಜೋಡಿ ಮೊದಲು ಓಟದ ಕರೆಯ ತುದಿಯ ಮಂಜೊಟ್ಟಿ ಮುಟ್ಟಿತು ಎಂದು ನೋಡಲು ಲೇಸರ್ ಬಂದಿದೆ, ವಿಡಿಯೊ ಬಂದಿದೆ. ಆದರೂ ಜಗಳ ಬೆಳಗಿನವರೆಗೆ ನಡೆಯುತ್ತದೆ.

ಇಂಥ ಊರಿಗೆ ಸೊಸೆಯಾಗಿ ಬಂದು ನನಗೆ ಆರು ವರ್ಷ. ಘಟ್ಟದ ಮೇಲಿನವರು "ಏನು ವಿಶೇಷ?" ಎಂದರೆ ಸುದ್ದಿ ಕೇಳಿದ ಹಾಗೆ. ನಮ್ಮಲ್ಲಿ ಮದುವೆಯಾದ ಹೆಂಗಸಿಗೆ "ವಿಶೇಷ ಉಂಟಾ?" ಎಂದರೆ ಅದಕ್ಕೆ ಒಂದೇ ಅರ್ಥ, ಆ ವಿಶೇಷ ಹೊಟ್ಟೆಯೊಳಗೇ ಇರಬೇಕು. ಈ ಆರು ವರ್ಷದಲ್ಲಿ ನಾನು ಬಿ.ಎಡ್. ಮುಗಿಸಿದೆ, ಕೆಲಸ ಹಿಡಿದೆ, ಸ್ಕೂಟರ್ ಕಲಿತು ಮೂಡುಬಿದಿರೆಯ ಪೇಟೆಯೊಳಗೆ ಬಿಡುವಷ್ಟು ಧೈರ್ಯ ಮಾಡಿದೆ. ಇವುಗಳಲ್ಲಿ ಒಂದೂ ವಿಶೇಷದ ಪಟ್ಟಿಗೆ ಸೇರಲಿಲ್ಲ.

ಮೊದಲು ಆಸ್ಪತ್ರೆ. ಥೈರಾಯ್ಡ್ ಆಯಿತು, ಅಂಡಗಳ ಲೆಕ್ಕ ನೋಡುವ ಎಎಂಎಚ್ ಆಯಿತು, ತಿಂಗಳು ತಿಂಗಳು ಸ್ಕ್ಯಾನಿಂಗ್ ಆಯಿತು, ಗರ್ಭನಾಳ ತೆರೆದಿದೆಯೋ ಎಂದು ಬಣ್ಣ ಹಾಯಿಸಿ ತೆಗೆದ ಎಕ್ಸ್‌ರೇಯೂ ಆಯಿತು. ನನ್ನ ಫೈಲು ಮನೆಯ ಜಾಗದ ವ್ಯಾಜ್ಯದ ಫೈಲಿಗಿಂತ ದಪ್ಪವಾಯಿತು. ಇವರಿಗೆ, ಅಂದರೆ ನನ್ನ ಗಂಡನಿಗೆ, ಫೈಲೇ ಇಲ್ಲ. ನನ್ನ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬೆಂಚಿನಲ್ಲಿ ಕೂರುವುದಷ್ಟೇ ಇವರ ಕೆಲಸ. ಅದನ್ನು ನೋಡಿದ ನೆಂಟರು, "ಎಷ್ಟು ಒಳ್ಳೆ ಗಂಡ ಮಾರಾಯ್ತಿ, ಒಟ್ಟಿಗೆ ಬರ್ತಾರೆ" ಎಂದು ಹೊಗಳಿದರು.

ಆಮೇಲೆ ಅತ್ತೆಯ ತಂಗಿ ಸೂಜಿಯ ವಿಷಯ ತಂದರು. ಯಾರದೋ ನಾದಿನಿಗೆ ಹತ್ತು ಸಲ ಚುಚ್ಚಿಸಿದ್ದರಲ್ಲಿ ಅವಳಿ ಮಕ್ಕಳಂತೆ. ಅಕ್ಯುಪಂಕ್ಚರ್ ನಮ್ಮ ಕಡೆಗೆ ತೀರಾ ಹೊಸತಲ್ಲ. ಉಜಿರೆಯಲ್ಲಿ 1989ರಿಂದ ಪ್ರಕೃತಿ ಚಿಕಿತ್ಸೆಯ ಕಾಲೇಜಿದೆ, ಮೂಡುಬಿದಿರೆಯ ಆಳ್ವಾಸ್‌ನಲ್ಲೂ ಇದೆ, ಅಲ್ಲಿಯ ಮಕ್ಕಳು ಅದನ್ನು ಪಾಠವಾಗಿ ಓದುತ್ತಾರೆ. ಆದರೆ ಹತ್ತಿರ ಹೋದರೆ ಗುರುತಿನವರು ಸಿಗುತ್ತಾರೆ ಎಂದು ಮನೆಯವರ ಹೆದರಿಕೆ. ಹಾಗಾಗಿ ಪ್ರತಿ ಮಂಗಳವಾರ ಎಡಪದವು, ಗಂಜಿಮಠ, ಕೈಕಂಬ, ಗುರುಪುರ ದಾಟಿ ಮಂಗಳೂರಿನ ಒಂದು ಕ್ಲಿನಿಕ್ಕಿಗೆ ಹೋದೆ. ಮೂರನೇ ವಾರಕ್ಕೆ ಬಸ್ಸಿನ ಕಂಡಕ್ಟರೇ ಕೇಳಿದ: "ಅಕ್ಕ, ಮಂಗಳವಾರ ಮಂಗಳವಾರ ಹೋಗ್ತೀರಲ್ಲ, ಎಂತ ವಿಶೇಷ?"

ಚುಚ್ಚುವವರು ಒಳ್ಳೆಯ ಹೆಂಗಸು. ಮೈಯಲ್ಲಿ ಶಕ್ತಿ ಹರಿಯುವ ದಾರಿಗಳಿವೆ, ಎಲ್ಲೋ ತಡೆ ಬಿದ್ದಿದೆ, ಅಡಿಕೆ ತೋಟದ ತೋಡಿಗೆ ಹಾಕಿದ ಕಟ್ಟ ಬಿಡಿಸಿದ ಹಾಗೆ ಸೂಜಿ ಅದನ್ನು ಬಿಡಿಸುತ್ತದೆ ಎಂದರು. ಕೂದಲೆಳೆಯಂಥ ಸೂಜಿಗಳು. ಹಿಮ್ಮಡಿಗಂಟಿನಿಂದ ನಾಲ್ಕು ಬೆರಳು ಮೇಲೆ ಒಳಗಾಲಿಗೆ, ಹೊಕ್ಕುಳ ಕೆಳಗೆ, ಮಣಿಕಟ್ಟಿಗೆ, ನೆತ್ತಿಗೆ. ನೋವೇನಿಲ್ಲ, ಸಣ್ಣಗೆ ಜುಂ ಅನ್ನುತ್ತದೆ ಅಷ್ಟೆ. ಕನ್ನಡಿ ಇದ್ದಿದ್ದರೆ ಎಳೆ ಹಲಸಿನ ಗುಜ್ಜೆಯೊಂದು ಬೆಡ್‌ಶೀಟ್ ಮೇಲೆ ಮಲಗಿದ ಹಾಗೆ ಕಾಣುತ್ತಿದ್ದೆನೋ ಏನೋ. ದೀಪ ಸಣ್ಣ ಮಾಡಿ, ಬಾಗಿಲು ಎಳೆದುಕೊಂಡು ಅವರು ಹೋದರೆ ನಲವತ್ತು ನಿಮಿಷ ಯಾರೂ ಬರುವುದಿಲ್ಲ.

ಚುಚ್ಚಿಸಿಕೊಳ್ಳುವವಳಿಗೆ ಓದುವ ಚಟವೂ ಇದ್ದರೆ ನಂಬಿಕೆಗೆ ಕಷ್ಟ. 2002ರಲ್ಲಿ ಜರ್ಮನಿಯ ವೈದ್ಯರು ಐವಿಎಫ್ ಮಾಡಿಸಿಕೊಳ್ಳುತ್ತಿದ್ದ 160 ಹೆಂಗಸರ ಮೇಲೆ ಒಂದು ಅಧ್ಯಯನ ಮಾಡಿದ್ದರು. ಸೂಜಿ ಹಾಕಿಸಿಕೊಂಡವರಲ್ಲಿ ಬಸಿರು ನಿಂತದ್ದು ಶೇ. 42.5, ಹಾಕಿಸಿಕೊಳ್ಳದವರಲ್ಲಿ ಶೇ. 26.3. ಲೋಕದ ಕ್ಲಿನಿಕ್ಕುಗಳಿಗೆಲ್ಲ ಹಬ್ಬ. 2018ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರು 848 ಹೆಂಗಸರ ಮೇಲೆ ಇನ್ನಷ್ಟು ಕಟ್ಟುನಿಟ್ಟಾಗಿ ನೋಡಿದರು. ಅರ್ಧ ಜನಕ್ಕೆ ನಿಜದ ಸೂಜಿ, ಉಳಿದವರಿಗೆ ಸುಳ್ಳು ಸೂಜಿ. ಸುಳ್ಳು ಸೂಜಿ ನಾಟಕದ ಕತ್ತಿ ಇದ್ದ ಹಾಗೆ: ಮೊನೆ ಮೊಂಡು, ಒತ್ತಿದರೆ ಹಿಡಿಯೊಳಗೇ ಸರಿದುಬಿಡುತ್ತದೆ, ಚುಚ್ಚಿಸಿಕೊಂಡವಳಿಗೆ ಚುಚ್ಚಿದಂತೆಯೇ ಅನ್ನಿಸುತ್ತದೆ. ಕೊನೆಗೆ ಮಗು ಹುಟ್ಟಿದ್ದು ನಿಜದ ಸೂಜಿಯವರಲ್ಲಿ ಶೇ. 18.3, ನಾಟಕದ ಸೂಜಿಯವರಲ್ಲಿ ಶೇ. 17.8. ಕಂಬಳದಲ್ಲಾದರೆ ಈ ಅಂತರಕ್ಕೆ ಒಂದು ಜೋಡಿಗೆ ಪದಕ ಕೊಡುತ್ತಿದ್ದರು. ಲೆಕ್ಕ ಬಲ್ಲವರು ಸಮಸಮ ಎಂದರು.

ಹಾಗಾದರೆ ನನ್ನ ಹನ್ನೆರಡು ಮಂಗಳವಾರ ದಂಡವೇ ಎಂದು ಯೋಚಿಸಿದೆ. ಆಗಲೇ ನೆನಪಾದದ್ದು ಇವರ ಪರ್ಸು. ಮೊದಲ ಭೇಟಿಯಲ್ಲೇ ಡಾಕ್ಟರು ನನಗೆ ಏಳು ಪರೀಕ್ಷೆ, ಇವರಿಗೆ ಒಂದು ಪರೀಕ್ಷೆ ಬರೆದುಕೊಟ್ಟಿದ್ದರು. ನನ್ನ ಏಳೂ ಮುಗಿದು ಎರಡನೇ ಸುತ್ತು ನಡೆಯುತ್ತಿತ್ತು. ಇವರ ಆ ಒಂದು ಚೀಟಿ ಪರ್ಸಿನಲ್ಲಿ ಕಟೀಲಮ್ಮನ ಫೋಟೊ ಹಿಂದೆ ಮಡಚಿಟ್ಟಲ್ಲೇ ಹಣ್ಣಾಗುತ್ತಿತ್ತು.

ವೀರ್ಯ ಪರೀಕ್ಷೆ ಎಂದರೆ ಸೂಜಿ ಇಲ್ಲ, ಸ್ಕ್ಯಾನಿಂಗ್ ಇಲ್ಲ, ಒಂದು ಡಬ್ಬಿ ಅಷ್ಟೆ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ಆ ಡಬ್ಬಿಯಲ್ಲಿ ನೋಡುವುದಾದರೂ ಏನು? ಎಷ್ಟು ಮಂದಿ ಇದ್ದಾರೆ, ಅವರಲ್ಲಿ ಮುಂದಕ್ಕೆ ಓಡುವವರು ಎಷ್ಟು ಎಂದು. ನೂರಕ್ಕೆ ಮೂವತ್ತಾದರೂ ನೆಟ್ಟಗೆ ಮುಂದೆ ಓಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಳತೆ ಹಾಕಿದೆ. ಓಡಬೇಕಾದ ಕರೆ ಒಂದು ಗೇಣೂ ಇಲ್ಲ. 142.5 ಮೀಟರಿನ ಓಟವನ್ನು ಸೆಕೆಂಡಿನ ನೂರನೇ ಭಾಗದವರೆಗೆ ಅಳೆಯುವ ಊರಿನ ಗಂಡಸರಿಗೆ ಈ ಒಂದು ಗೇಣಿನ ಓಟ ಅಳೆಯುವುದೆಂದರೆ ಮಾತ್ರ ಮರ್ಯಾದೆಯ ಪ್ರಶ್ನೆ. "ನಮ್ಮ ವಂಶದಲ್ಲಿ ಆ ತೊಂದರೆ ಯಾರಿಗೂ ಇಲ್ಲ" ಎಂದರು ಮಾವ. ಕೋಣ ಕೊಳ್ಳುವಾಗ ಅದರ ವಂಶ ಕೇಳಿ ಬಿಡುತ್ತಾರೋ, ಓಡಿಸಿ ನೋಡುತ್ತಾರೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ನಾನು ಸೊಸೆ.

ಪಕ್ಕದ ಮನೆಯವಳ ಕತೆ ಇನ್ನೂ ಚಂದ. ಅವಳ ಗಂಡ ದುಬೈಯಲ್ಲಿ, ವರ್ಷಕ್ಕೆ ಒಂದು ತಿಂಗಳು ರಜೆ. ಹನ್ನೊಂದು ತಿಂಗಳು ಅರಬ್ಬೀ ಸಮುದ್ರದ ಆಚೆ ಇರುವವನಿಗೆ ಇಲ್ಲಿ ಮಗುವಾಗಿಲ್ಲ ಎಂದು ಅವಳಿಗೆ ಕಷಾಯ. ಆ ಮನೆಯಲ್ಲಿ ಬೇಕಾದದ್ದು ವಿಮಾನದ ಟಿಕೆಟು, ಅರೆಯುತ್ತಿರುವುದು ಬೇರು.

ಇವರು ಏನೂ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಜಾತಕದಲ್ಲಿ ಸರ್ಪದೋಷ ಕಂಡಿತೆಂದು ಸುಬ್ರಹ್ಮಣ್ಯಕ್ಕೆ ಹೋಗಿ, ಎರಡು ದಿನ ಒದ್ದೆ ಪಂಚೆಯಲ್ಲಿ ಕೂತು ಸರ್ಪಸಂಸ್ಕಾರ ಮಾಡಿಸಿಕೊಂಡು ಬಂದರು. ಹಿಂದಿನ ಯಾವುದೋ ಜನ್ಮದಲ್ಲಿ ಹಾವು ಕೊಂದದ್ದು ತಾನೇ ಎಂದು ದೇವರೆದುರು ಒಪ್ಪಿಕೊಳ್ಳಲು ಇವರಿಗೆ ಒಂದಿಷ್ಟೂ ಸಂಕೋಚವಿರಲಿಲ್ಲ. ಎಲ್ಲ ಜನ್ಮದ ದೋಷವನ್ನೂ ಒಪ್ಪುತ್ತಾರೆ, ಈ ಜನ್ಮದ್ದೊಂದು ಬಿಟ್ಟು.

ಹದಿಮೂರನೇ ಮಂಗಳವಾರ ನಾನು ಹೊಸ ಕರಾರು ಹಾಕಿದೆ: ಇನ್ನು ನನಗೆ ಒಂದು ಸೂಜಿ ಬೀಳಬೇಕಾದರೆ ಮೊದಲು ನಿಮ್ಮ ಒಂದು ಡಬ್ಬಿ ತುಂಬಬೇಕು. ನಾಲ್ಕು ದಿನ ಮಾತು ಬಿಟ್ಟರು. ಐದನೇ ದಿನ ಒಪ್ಪಿದರು. ಮಿಜಾರು ಬೇಡ, ಮೂಡುಬಿದಿರೆ ಬೇಡ, ಮಂಗಳೂರಿನಲ್ಲಿ ಭಾವನ ಸ್ನೇಹಿತರು ಜಾಸ್ತಿ. ಉಡುಪಿಗೆ, ಮಾಸ್ಕ್ ಹಾಕಿಕೊಂಡು. ಸಂಜೆ ಮುಖ ಸಣ್ಣ ಮಾಡಿಕೊಂಡು ಬಂದವರೇ ಕುರ್ಚಿಗೆ ಕುಸಿದರು. "ಎಂಥ ಅವಸ್ಥೆ ಮಾರಾಯ್ತಿ! ಆ ಹುಡುಗಿ ಎಲ್ಲರೆದುರು ನನ್ನ ಹೆಸರು ಜೋರಾಗಿ ಕರೆದುಬಿಟ್ಟಳು." ಆರು ವರ್ಷದಲ್ಲಿ ಎಷ್ಟು ಜನ ನನ್ನ ಹೆಸರು ಕರೆದು, ಎಷ್ಟು ಬಾಗಿಲೊಳಗೆ ಕಾಲು ಮಡಚಿ ಮಲಗಿಸಿದ್ದಾರೆ ಎಂದು ಲೆಕ್ಕ ಹಾಕುತ್ತಾ ನಾನು ಇವರಿಗೆ ಪುನರ್ಪುಳಿ ಶರಬತ್ತು ಮಾಡಿ ಕೊಟ್ಟೆ. ಅವತ್ತು ರಾತ್ರಿ ಇವರಿಗೆ ನಿದ್ದೆ ಬರಲಿಲ್ಲ. ಪಾಪ, ಫಲಿತಾಂಶ ಕಾಯುವುದು ಹೇಗಿರುತ್ತದೆ ಎಂದು ಮೊದಲ ಸಲ ಗೊತ್ತಾಯಿತು.

ಊರೆಲ್ಲ ಶ್ರೀನಿವಾಸ ಗೌಡರನ್ನು ಓಟಗಾರ ಉಸೇನ್ ಬೋಲ್ಟ್‌ಗೆ ಹೋಲಿಸಿ ಕುಣಿಯುವಾಗ ಅವರು, ಹೆಸರು ಕೋಣಗಳಿಗೂ ಸಲ್ಲಬೇಕು ಎಂದಿದ್ದರು. ಗೆದ್ದಾಗ ಹೆಸರು ಯಾರಿಗೆ ಎಂದು ಹೇಳುವ ಅಂಥ ಗಂಡಸು ಇರುವ ಊರಿನಲ್ಲಿ, ಸೋತಾಗ ದೋಷ ಯಾರದು ಎಂದು ಒಂದು ಸಲ ಅಳೆದು ನೋಡಿ ಎಂದದ್ದಷ್ಟೇ ನನ್ನ ತಪ್ಪು.

ಮಂಗಳವಾರದ ಸೂಜಿಯನ್ನು ನಾನಿನ್ನೂ ಬಿಟ್ಟಿಲ್ಲ. ಅದರಿಂದ ಮಗುವಾಗುತ್ತದೆ ಎಂದಲ್ಲ. ಆ ಕತ್ತಲೆ ಕೋಣೆಯಲ್ಲಿ ನಲವತ್ತು ನಿಮಿಷ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಆ ಬೆಲೆಗೆ ಅಷ್ಟು ಮೌನ ಇಡೀ ತಾಲೂಕಿನಲ್ಲಿ ಸಿಗುವುದಿಲ್ಲ.

ಇವರ ವರದಿಯಲ್ಲಿ ಏನು ಬಂತು ಎಂದಿರಾ? ಇಷ್ಟೆಲ್ಲ ಓದಿಯೂ ನೀವು ಕೇಳಿದ್ದು "ವಿಶೇಷ ಉಂಟಾ?" ಅಂತಲೇ ಅಲ್ಲವಾ.