ಈಸ್ಟ್ ಫೇಸಿಂಗ್ ಮಹಾನುಭಾವರು

ಯಲಹಂಕ ನ್ಯೂಟೌನಿನಲ್ಲಿ ಯಾರನ್ನಾದರೂ ನಿಲ್ಲಿಸಿ, ‘ಪೂರ್ವ ಯಾವ ಕಡೆ ಸಾರ್?’ ಅಂತ ಕೇಳಿ ನೋಡಿ. ಕೈ ಸೀದಾ ಜೇಬಿನ ಫೋನಿಗೆ ಹೋಗುತ್ತದೆ. ಕಣ್ಣಿಗೆ ಬಿಸಿಲು ಚುಚ್ಚುತ್ತಿದ್ದರೂ ತಲೆ ಎತ್ತುವವರಿಲ್ಲ. ಸೈಟು ಕೊಳ್ಳುವಾಗ ‘ಈಸ್ಟ್ ಫೇಸಿಂಗೇ ಆಗಬೇಕು’ ಅಂತ ಬ್ರೋಕರ್ ಪ್ರಾಣ ತಿಂದವರೂ ಇವರೇ! ಕ್ರಯಪತ್ರದ ಚಕ್ಕುಬಂದಿ ಬಾಯಿಪಾಠ. ಬೆಳಗಿನ ಬಿಸಿಲು ಮನೆಯ ಯಾವ ಕಿಟಕಿಗೆ ಬರುತ್ತದೆ ಅಂದರೆ ಹೆಂಡತಿಯ ಮುಖ ನೋಡುತ್ತಾರೆ. ಹೆಬ್ಬಾಳದ ಫ್ಲೈಓವರ್ ಹತ್ತಿ ಒಂದು ಸುತ್ತು ಹೊಡೆದರಂತೂ ಮುಗಿಯಿತು, ಬಂದ ದಾರಿಯೂ ಮರೆತುಹೋಗುತ್ತದೆ.

ಹಿಂದಿನವರ ಬಳಿ ಇದ್ದದ್ದು ಒಂದು ಗೂಟ. ಗುಡಿ ಕಟ್ಟುವ ಮುಂಚೆ ಮಟ್ಟಸ ನೆಲದಲ್ಲಿ ಶಂಕು ನೆಟ್ಟು, ಸುತ್ತ ವೃತ್ತ ಎಳೆಯುತ್ತಿದ್ದರು. ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಕ್ಕೆ ಬರುವಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಹೊರಕ್ಕೆ ಹೋಗುವಲ್ಲಿ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ-ಪಶ್ಚಿಮದ ಗೆರೆ. ಕಾತ್ಯಾಯನ ಶುಲ್ಬಸೂತ್ರದ ಕಾಲದ ಉಪಾಯ ಇದು, ಚಾರ್ಜು ಇಳಿಯುವ ಭಯವಿಲ್ಲ. ನಿಮಗೆ ಅಷ್ಟು ಪುರಸೊತ್ತೆಲ್ಲಿ! ಮಧ್ಯಾಹ್ನದ ಆಸುಪಾಸಿನಲ್ಲಿ ತಾರಸಿ ಮೇಲೆ ಒಂದು ಕೋಲು ನಿಲ್ಲಿಸಿ, ಕಾಲು ಗಂಟೆ ಕಾಯಿರಿ. ನೆರಳಿನ ತುದಿ ಸರಿದ ಕಡೆಯೇ ಹೆಚ್ಚುಕಡಿಮೆ ಪೂರ್ವ.

‘ನಡುಹಗಲಿನ ನೆರಳು ಉತ್ತರಕ್ಕೇ ಬೀಳುತ್ತೆ’ ಅನ್ನುವ ಜಾಣರು ಮಾತ್ರ ಸಿಕ್ಕರೆ ಹುಷಾರು. ಅದು ಬಿಲಾಯಿತಿ ಲೆಕ್ಕ. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ನಮ್ಮ ನೆತ್ತಿ ದಾಟಿ ಬಡಗಣಕ್ಕೆ ಹೋದರೆ, ಮರಳುವುದು ಆಗಸ್ಟ್ 18ರ ಹೊತ್ತಿಗೆ. ಅಲ್ಲಿಯವರೆಗೆ ನಡುಹಗಲಿನ ನೆರಳು ದಕ್ಷಿಣಕ್ಕೆ. ಜೂನ್‌ನಲ್ಲಿ ಈ ಜಾಣರ ಮಾತು ನಂಬಿ ಯಲಹಂಕದಿಂದ ನಂದಿಬೆಟ್ಟಕ್ಕೆ ಹೊರಟವರು ಮೆಜೆಸ್ಟಿಕ್ಕಿನಲ್ಲಿ ಇಳಿಯುತ್ತಾರೆ. ನಡುಹಗಲು ಅಂದರೆ ಗಡಿಯಾರದ 12 ಅಂದುಕೊಂಡೀರಿ! ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವು 77.6ರವರು, ನಮ್ಮ ಸೂರ್ಯ ಸರಾಸರಿ ಇಪ್ಪತ್ತು ನಿಮಿಷ ಲೇಟು. ಊರಿಗೆ ತಕ್ಕ ಸೂರ್ಯ.

ಹುಟ್ಟುವ ಜಾಗವಾದರೂ ಖಾಯಮ್ಮೇ? ಜೂನ್‌ನಲ್ಲಿ ಪೂರ್ವದಿಂದ 24 ಡಿಗ್ರಿ ಉತ್ತರಕ್ಕೆ, ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ. ಕ್ರಯಪತ್ರಕ್ಕೆ ಸಹಿ ಮಾಡಿದವರು ಇದನ್ನು ಓದಿ ನಿದ್ದೆಗೆಡಬೇಡಿ.

ರಾತ್ರಿಯಾದರೆ ಧ್ರುವ ಇದ್ದಾನೆ, ದಿಗಂತದಿಂದ 13 ಡಿಗ್ರಿ ಮೇಲೆ. ಚಾಚಿದ ಕೈಯ ಮುಷ್ಟಿ ಒಂದೂಕಾಲು ಇಟ್ಟರೆ ಸಿಗಬೇಕು. ಹೆಬ್ಬಾಳದಲ್ಲಿ ಅಷ್ಟೆತ್ತರಕ್ಕೆ ಸಿಗುವುದು ಯಾರದೋ ಬಾಲ್ಕನಿಯ ಒಣಬಟ್ಟೆ. ಆರ್.ಟಿ. ನಗರದ ಛತ್ರಗಳಲ್ಲಿ ಹಾಡುಹಗಲೇ ಪುರೋಹಿತರು ಅರುಂಧತಿ ತೋರಿಸುತ್ತಾರೆ, ಮದುಮಕ್ಕಳು ‘ಕಂಡಿತು’ ಅನ್ನುತ್ತಾರೆ. ಅವರಿಗೆ ಧ್ರುವನೂ ಕಾಣಬಹುದು.

ಮೋಡ ಕವಿದ ಮಳೆಗಾಲಕ್ಕೂ ನಮ್ಮ ಕಡೆ ಉಪಾಯ ಉಂಟು. ಜಕ್ಕೂರು, ಯಲಹಂಕದ ವಾಯುನೆಲೆ, ದೇವನಹಳ್ಳಿ, ಮೂರರ ರನ್‌ವೇಯೂ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ವಿಮಾನ ಏರುವುದು ಎದುರುಗಾಳಿಗೆ ಮುಖ ಮಾಡಿ. ಜುಲೈನ ಗಾಳಿಯೋ ಪಡುವಣದ್ದು. ಏರುವ ವಿಮಾನದ ಮೂಗು ನೋಡಿ ದಿಕ್ಕು ಹೇಳಿ, ಸಿಗ್ನಲ್ ಬಿಟ್ಟ ಮೇಲೆ ಮಾತ್ರ ಬೇಡ.